ಗರ್ಭಿಣಿಯರು ಮತ್ತು ಸಿಹಿ ಚಹಾ: ಎಷ್ಟು, ಯಾವಾಗ?

ಗ್ರಾಮಗಳಲ್ಲಿ ನಡೆಯುವ ತಾಯಂದಿರ ಸಭೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೃಶ್ಯವೊಂದಿದೆ. ಅಂಗನವಾಡಿ ಕೇಂದ್ರದಲ್ಲಿ ಗರ್ಭಿಣಿಯರಿಗೆ ಮಧ್ಯಾಹ್ನದ ಬಿಸಿಯೂಟ ಬಡಿಸಲಾಗುತ್ತದೆ, ಕಬ್ಬಿಣಾಂಶದ ಮಾತ್ರೆಯನ್ನೂ ನೀಡಲಾಗುತ್ತದೆ. ಊಟ ಮುಗಿದೊಡನೆ ಸತ್ಕಾರವೆಂದು ಎಲ್ಲರಿಗೂ ಚಹಾ ಹಂಚಲಾಗುತ್ತದೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಆಗತಾನೆ ನೀಡಿದ ಊಟ ಮತ್ತು ಮಾತ್ರೆಯಿಂದ ರಕ್ತಕ್ಕೆ ಸೇರಬೇಕಾದ ಕಬ್ಬಿಣಾಂಶವನ್ನು ಆ ಒಂದು ಲೋಟ ಚಹಾ ಕಡಿಮೆ ಮಾಡುತ್ತದೆ.

ಚಹಾಕ್ಕೆ ಒಗರು ರುಚಿ ನೀಡುವ ಟ್ಯಾನಿನ್ ಎಂಬ ಅಂಶವು ಹೊಟ್ಟೆಯಲ್ಲಿ ಕಬ್ಬಿಣಾಂಶದೊಡನೆ ಕೂಡಿಕೊಂಡು, ಅದು ಕರುಳಿನಿಂದ ಹೀರಲ್ಪಡದಂತೆ ತಡೆಯುತ್ತದೆ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೊದಲೇ ಸುಲಭವಾಗಿ ಹೀರಲ್ಪಡುವಂಥದ್ದಲ್ಲ. ಆದುದರಿಂದ ಮಾಂಸಾಹಾರ ಅಪರೂಪವಾಗಿರುವ ಮನೆಗಳಲ್ಲಿ ಈ ನಷ್ಟ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆ ಹೊಂದಿದ್ದರು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಯನ್ನು ರಕ್ತಹೀನಳೆಂದು ಪರಿಗಣಿಸಲಾಗುತ್ತದೆ. ಹೆರಿಗೆಯ ಸಮಯದ ರಕ್ತಸ್ರಾವವನ್ನು ಇಂತಹ ದೇಹ ತಾಳಿಕೊಳ್ಳುವುದು ಕಷ್ಟ.

ಇದಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದು ತಿಳಿಸಿದೆ. ಮಾತ್ರೆಗೂ ಇದೇ ಅಂತರವಿರುವುದು ಒಳಿತು. ಬೆಳಿಗ್ಗೆ ತಿಂಡಿಯ ಜೊತೆಯಲ್ಲಿ ಚಹಾ ಕುಡಿಯುವ ರೂಢಿ ಬಹುತೇಕ ಮನೆಗಳಲ್ಲಿದೆ. ಅದನ್ನು ಹತ್ತು ಹನ್ನೊಂದು ಗಂಟೆಗೆ ಮುಂದೂಡಿದರೂ ಸಾಕು. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿಂದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ.

ಇನ್ನು ಕೆಫೀನ್. ಗರ್ಭಾವಸ್ಥೆ ಮುಂದುವರಿದಂತೆ ತಾಯಿಯ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ. ಮಾಸುವಿನ ಮೂಲಕ ಮಗುವಿಗೂ ತಲುಪುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನ ಸೇವನೆಗೂ ಗರ್ಭಪಾತ ಹಾಗೂ ಕಡಿಮೆ ತೂಕದ ಶಿಶು ಜನನಕ್ಕೂ ಸಂಬಂಧವಿರಬಹುದೆಂಬುದು ಇದಕ್ಕೆ ಕಾರಣ. ಹಲವು ದೇಶಗಳು 200 ಮಿಲಿಗ್ರಾಂನ್ನೇ ಮಿತಿಯಾಗಿಟ್ಟುಕೊಂಡಿವೆ. ಆ ಮಿತಿಯೇ ಕ್ಷೇಮ.

150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಗರಿಷ್ಠ ಲೆಕ್ಕ ಹಿಡಿದರೂ ಮೂರು ಕಪ್ಪಿಗೆ 195. ಆದರೆ ಮನೆಯ ಸ್ಟೀಲ್ ಲೋಟ 200 ಮಿಲಿಲೀಟರ್ ಹಿಡಿಯುವುದಾದರೆ ಎರಡು ಲೋಟಕ್ಕೇ 170 ದಾಟುತ್ತದೆ. ಅಂಗಡಿಯ ಸಣ್ಣ ಪೇಪರ್ ಕಪ್ಪಿನಲ್ಲಿ ಇಷ್ಟಾಗದು. ಆದ್ದರಿಂದ ಎಷ್ಟು ಸಲ ಕುಡಿದರೆಂದು ಕೇಳುವುದಕ್ಕಿಂತ ಯಾವ ಲೋಟದಲ್ಲಿ ಕುಡಿದರೆಂದು ಕೇಳುವುದು ಸರಿ. ಫಿಲ್ಟರ್ ಕಾಫಿಯಲ್ಲಿ ಅಷ್ಟೇ ಪ್ರಮಾಣಕ್ಕೆ 80ರಿಂದ 120 ಮಿಲಿಗ್ರಾಂ ಇರುವುದರಿಂದ ಕೊಡಗು, ಚಿಕ್ಕಮಗಳೂರಿನಂತಹ ಕಾಫಿ ಸೀಮೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಎನರ್ಜಿ ಡ್ರಿಂಕ್‌ಗಳು ಗರ್ಭಿಣಿಯರಿಗೆ ಸಲ್ಲವೆಂದು ಡಬ್ಬಿಯ ಮೇಲೆಯೇ ಮುದ್ರಿತವಾಗಿರುತ್ತದೆ.

ಸಕ್ಕರೆಯ ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೋಟಕ್ಕೆ ಎರಡು ಚಮಚವೆಂದರೆ ಸುಮಾರು 10 ಗ್ರಾಂ. ಮೂರು ಲೋಟಕ್ಕೆ 30 ಗ್ರಾಂ. ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿ ನಿಲ್ಲಿಸುವುದು ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲದ ಚಹಾದಿಂದ ರಕ್ತ ವೃದ್ಧಿಯಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಬೆಲ್ಲವೂ ಸಕ್ಕರೆಯೇ, ಅದರಲ್ಲಿರುವ ಅಲ್ಪ ಕಬ್ಬಿಣಾಂಶವನ್ನು ಚಹಾವೇ ತಡೆಯುತ್ತದೆ.

ಇದಕ್ಕಿಂತ ಕಳವಳಕಾರಿಯಾದುದು, ಚಹಾವು ಆಹಾರದ ಸ್ಥಾನವನ್ನು ಆಕ್ರಮಿಸುವುದು. ಹೊಲಕ್ಕೆ, ಉದ್ಯೋಗ ಖಾತರಿ ಕಾಮಗಾರಿಗೆ ಮುಂಜಾನೆಯೇ ಹೊರಡುವ ಮಹಿಳೆಯರು ಸಿಹಿ ಚಹಾ, ಎರಡು ಬಿಸ್ಕತ್ತುಗಳಲ್ಲೇ ಮಧ್ಯಾಹ್ನದವರೆಗೆ ಹಸಿವನ್ನು ಮುಂದೂಡುತ್ತಾರೆ. ಇಂಥವರಿಗೆ ‘ಚಹಾ ಬಿಡಿ’ ಎಂದು ಅಪ್ಪಣೆ ಮಾಡಿದರೆ ಅವರು ಬಿಡುವುದಿಲ್ಲ. ಆಶಾ ಕಾರ್ಯಕರ್ತೆ ಕೇಳಿದಾಗ ನಿಜವನ್ನೂ ಹೇಳುವುದಿಲ್ಲ. ಚಹಾಕ್ಕೆ ಮೊದಲು ರೊಟ್ಟಿಯೋ ಮುದ್ದೆಯೋ ಹೊಟ್ಟೆಗೆ ಬೀಳಬೇಕೆಂಬುದನ್ನು ಮನೆಯ ಅತ್ತೆಗೆ, ಗಂಡನಿಗೆ ತಿಳಿಸಿದರೆ ಹೆಚ್ಚು ಫಲ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿರುವ ಸದಸ್ಯರು ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಬಹುದು. ತಾಯಂದಿರ ಸಭೆ ಹಾಗೂ ಸಾಮೂಹಿಕ ಸೀಮಂತಗಳಲ್ಲಿ ಊಟದ ನಂತರದ ಚಹಾವನ್ನು ಕೈಬಿಟ್ಟು ಸಕ್ಕರೆ ಹಾಕದ ನಿಂಬೆನೀರು ಕೊಡಲು ಪ್ರತ್ಯೇಕ ಅನುದಾನವೇನೂ ಬೇಕಿಲ್ಲ. ಚಹಾ ಕೊಡಲೇಬೇಕೆಂದಿದ್ದರೆ ಸಭೆಯ ಆರಂಭದಲ್ಲಿ, ಊಟಕ್ಕೆ ಒಂದು ಗಂಟೆಗೂ ಮೊದಲು ಕೊಡುವುದು. ಗರ್ಭಿಣಿಯರ ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ಮತ್ತು 24ರಿಂದ 28ನೇ ವಾರದೊಳಗೆ ಮಾಡಬೇಕಿದ್ದು, ತಾಯಿ ಕಾರ್ಡಿನಲ್ಲಿ ಎರಡೂ ದಾಖಲಾಗಿವೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಬಹುದು. ಮಧುಮೇಹ ಪತ್ತೆಯಾದವರಿಗೆ ಮೇಲಿನ ಸಕ್ಕರೆ ಲೆಕ್ಕ ಅನ್ವಯಿಸದು. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹೇಳಿದಂತೆ ನಡೆಯತಕ್ಕದ್ದು.