ನಾಟಕಕ್ಕೆ ಸರ್ಕಾರದ ದುಡ್ಡು ಯಾಕೆ?

ಸೇತುವೆಗೆ ಬಜೆಟ್ ಬೇಕು ಅಂದ್ರೆ ನಾವು ಒಪ್ತೀವಿ. ನಾಟಕಕ್ಕೂ ಬೇಕು ಅಂದ್ರೆ ನಗ್ತೀವಿ. ರಂಗಾಯಣವನ್ನೇ ನೋಡೋಣ. 1989ರಲ್ಲಿ ರಾಜ್ಯ ಸರ್ಕಾರ ಮೈಸೂರಿನಲ್ಲಿ ಇದನ್ನು ಆರಂಭಿಸಿತು. ಮೊದಲ ನಿರ್ದೇಶಕರು ಬಿ.ವಿ. ಕಾರಂತ. ಕಲಾವಿದರಿಗೆ ತಿಂಗಳ ಸಂಬಳ ಸಿಕ್ಕಿತು. ಹಗಲು ಬೇರೆ ಕೆಲಸ, ರಾತ್ರಿ ತಾಲೀಮು ಅನ್ನುವ ಪಾಡು ಅವರಿಗೆ ತಪ್ಪಿತು. ದಿನವಿಡೀ ನಾಟಕವೇ ಕೆಲಸವಾಯಿತು. ‘ಬಹುರೂಪಿ’ ನಾಟಕೋತ್ಸವ ಬೆಳೆದದ್ದೂ ಇದೇ ಅಂಗಳದಲ್ಲಿ.

ಆದರೆ ಕಲಬುರಗಿಯ ಹುಡುಗನಿಗೆ ಮೈಸೂರು ಎಷ್ಟು ದೂರ! ಮುಂದೆ ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲೂ ರಂಗಾಯಣ ಶುರುವಾಯಿತು. ಹೀಗೆ ಎಲ್ಲ ಭಾಗಕ್ಕೂ ನೆರವು ತಲುಪಬೇಕಾದರೆ ಆಯಾ ಊರಿನವರು ಕೇಳುತ್ತಲೇ ಇರಬೇಕು. ಕೇಳೋಕೆ ಮುಂಚೆ ನೋಡಲೂಬೇಕು. ಖಾಲಿ ಕುರ್ಚಿ ತೋರಿಸಿ ಅನುದಾನ ಕೇಳೋದು ಹೇಗೆ? ಮುಂದಿನ ನಾಟಕಕ್ಕೆ ಟಿಕೆಟ್ ತಗೊಂಡೇ ಹೋಗೋಣ.