ಇಳಿವಯಸ್ಸಿನ ಲೆಕ್ಕ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಸಮುದಾಯ ವೈದ್ಯಕೀಯದ ನಿವೃತ್ತ ಪ್ರಾಧ್ಯಾಪಕರು ಕಾಸರಗೋಡು ಜಿಲ್ಲೆಯ ಓದುಗರಿಗೆ ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ಅಮ್ಮನಿಗೆ 78 ವರ್ಷ, ತೂಕ 45 ಕಿಲೋ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2 ಬಂದಿದೆ. ಪಕ್ಕದಲ್ಲೇ ‘0.6ರಿಂದ 1.2 ಸಹಜ’ ಎಂದು ಅಚ್ಚಾಗಿದೆ. ಕೆಳಗೆ ಜಿಎಫ್‌ಆರ್ (ಕಿಡ್ನಿ ಸೋಸುವ ವೇಗ) 46 ಅಂತ ಇದೆ. ಆದರೆ ಮಂಗಳೂರಿನ ಡಾಕ್ಟ್ರು ‘ಇದು 27 ಅಷ್ಟೇ’ ಅಂದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯ ಪ್ರಮಾಣ ಇಳಿಸಿದರು, ಮಂಡಿನೋವಿನ ಮಾತ್ರೆ ನಿಲ್ಲಿಸಿದರು. ಯಾರನ್ನು ನಂಬುವುದು? (ಬದಿಯಡ್ಕ)

ಉತ್ತರ: ಲ್ಯಾಬಿನವರೂ ಸುಳ್ಳು ಹೇಳಿಲ್ಲ, ಡಾಕ್ಟರೂ ಸುಳ್ಳು ಹೇಳಿಲ್ಲ. ಕ್ರಿಯಾಟಿನಿನ್ ಎಂದರೆ ಮಾಂಸಖಂಡಗಳಲ್ಲಿ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಕಸವೂ ಕಡಿಮೆ ಹುಟ್ಟುತ್ತದೆ. ಆದ್ದರಿಂದ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ‘ಸಹಜ’ ಎಂದು ಅಚ್ಚು ಹಾಕಿರುವುದನ್ನು ಓದಿ ಮನೆಯವರು ನೆಮ್ಮದಿಯಿಂದಿರುವುದನ್ನು ನಾನು ಬಹಳ ನೋಡಿದ್ದೇನೆ.

ನಿಮ್ಮ ಡಾಕ್ಟರು ಮಾಡಿದ ಲೆಕ್ಕವನ್ನು ನೀವೂ ಮಾಡಬಹುದು. 140ರಿಂದ ವಯಸ್ಸು ಕಳೆಯಿರಿ, 62. ಅದನ್ನು ತೂಕದಿಂದ ಗುಣಿಸಿ, 2790. ಕ್ರಿಯಾಟಿನಿನನ್ನು 72ರಿಂದ ಗುಣಿಸಿ ಬಂದ 86.4ರಿಂದ ಇದನ್ನು ಭಾಗಿಸಿದರೆ 32 ಚಿಲ್ಲರೆ. ಹೆಂಗಸರಾದರೆ 0.85ರಿಂದ ಗುಣಿಸಬೇಕು. 27 ಬಂತು. ಅದೇ 1.2 ಕ್ರಿಯಾಟಿನಿನ್ ಇರುವ 30 ವರ್ಷದ, 70 ಕಿಲೋ ತೂಕದ ಗಂಡಸಿಗೆ ಇದೇ ಲೆಕ್ಕ ಹಾಕಿದರೆ 89. ರಕ್ತದಲ್ಲಿ ಒಂದೇ ಅಂಕಿ, ಕಿಡ್ನಿಯ ಬಲದಲ್ಲಿ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಈ ಸೂತ್ರವನ್ನು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು 1976ರಲ್ಲಿ ಕೆನಡಾದಲ್ಲಿ ಕಟ್ಟಿದರು. ಆಧಾರವಾಗಿದ್ದದ್ದು 249 ರೋಗಿಗಳು. ಹೆಚ್ಚುಕಡಿಮೆ ಎಲ್ಲರೂ ಗಂಡಸರು, ಮಾಜಿ ಸೈನಿಕರ ಆಸ್ಪತ್ರೆಯವರು. ಹೆಂಗಸರಿಗೆ ಶೇಕಡಾ 15 ಕಡಿತ ಎಂಬುದು ಅಳೆದು ಕಂಡದ್ದಲ್ಲ, ಅಂದಾಜು. ಲ್ಯಾಬಿನ 46 ಬಂದದ್ದು 2021ರ ಹೊಸ ಸೂತ್ರದಿಂದ. ಅದರ ಹಿಂದೆ ಸಾವಿರಾರು ಜನರ ಅಳತೆ ಇದೆ. ಆದರೆ ಅದಕ್ಕೆ ನಿಮ್ಮ ಅಮ್ಮನ ತೂಕ ಗೊತ್ತಿಲ್ಲ. ಎಲ್ಲರ ಮೈ ಹರವು 1.73 ಚದರ ಮೀಟರ್ ಎಂದು ಹಿಡಿದು ಉತ್ತರ ಹೇಳುತ್ತದೆ. 45 ಕಿಲೋದ, ಐದಡಿಗೆ ತುಸು ಕಡಿಮೆ ಇರುವ ನಮ್ಮ ಅಮ್ಮಂದಿರಿಗೆ ಆ ಹರವು ಸುಮಾರು 1.37. ಹಾಗೆ ಸರಿಪಡಿಸಿದರೆ 46 ಇಳಿದು ಸುಮಾರು 36 ಆಗುತ್ತದೆ. ಮಾಂಸಖಂಡ ಕಡಿಮೆ ಇರುವ ಸಣ್ಣ ಮೈಯವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಇಂಥ ಸೂತ್ರಗಳು ಕಿಡ್ನಿಯನ್ನು ಇದ್ದದ್ದಕ್ಕಿಂತ ಗಟ್ಟಿಯೆಂದು ತೋರಿಸುವ ಸಂಭವವೇ ಜಾಸ್ತಿ.

ಹಾಗಾದರೆ ಯಾವುದು ಸರಿ? ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿಯಲು ಲ್ಯಾಬಿನ ಅಂಕಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೊಸ ಮಾತ್ರೆಗಳನ್ನು ಪರೀಕ್ಷಿಸಿದ್ದು ಹಳೆಯ ಸೂತ್ರ ಇಟ್ಟುಕೊಂಡು. ಆದ್ದರಿಂದ ಪ್ರಮಾಣ ನಿಶ್ಚಯಿಸಲು ಹಳೆಯದೇ ಬೇಕು. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಮಂಡಿನೋವಿನ ಮಾತ್ರೆಯ ವಿಷಯದಲ್ಲಂತೂ ನಾನು ಅವರಿಗಿಂತ ಕಟ್ಟುನಿಟ್ಟು: ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಆ ಮಾತ್ರೆಗಳು ನಮ್ಮೂರಿನ ಎಷ್ಟೋ ಅಜ್ಜಿಯಂದಿರ ಕಿಡ್ನಿಯನ್ನು ಸದ್ದಿಲ್ಲದೆ ತಿಂದಿವೆ. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಪ್ಯಾರಾಸಿಟಮಾಲ್ ಸಾಕೇ ಎಂದು ಡಾಕ್ಟರನ್ನೇ ಕೇಳಿ.

ಪ್ರಶ್ನೆ: ಕೇರಳದವರ ಸರಾಸರಿ ಆಯುಷ್ಯ 75 ಎಂದು ಪತ್ರಿಕೆಯಲ್ಲಿ ಓದಿದೆ. ನನಗೀಗ 74. ತೋಟಕ್ಕೆ ಹೊಸ ಅಡಿಕೆ ಸಸಿ ಇಡಿಸೋಣ ಅಂದರೆ ಮಗ ನಗುತ್ತಾನೆ. (ಪೆರ್ಲ)

ಉತ್ತರ: ಸಸಿ ಇಡಿಸಿ. ಆ 75 ಆಗಷ್ಟೇ ಹುಟ್ಟಿದ ಕೂಸಿಗೆ ಹೇಳಿದ ಲೆಕ್ಕ. ಅದರಲ್ಲಿ ತೊಟ್ಟಿಲಲ್ಲೇ ಹೋದವರು, ಇಪ್ಪತ್ತರಲ್ಲಿ ಬೈಕಿನಿಂದ ಬಿದ್ದವರು, ಐವತ್ತರಲ್ಲಿ ಹೃದಯ ನಿಂತವರು ಎಲ್ಲರೂ ಸೇರಿದ್ದಾರೆ. ನೀವು ಅವರೆಲ್ಲರನ್ನೂ ದಾಟಿ ಬಂದವರು. ಕೇರಳದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 20 ವರ್ಷ ಬದುಕುತ್ತಾರೆ. 74 ಮುಟ್ಟಿದವರ ಸರಾಸರಿ ಇನ್ನೂ ಮುಂದಕ್ಕೆ ಹೋಗುತ್ತದೆ.

ಲಂಡನ್ನಿನ ವಿಮಾ ಲೆಕ್ಕಿಗ ಬೆಂಜಮಿನ್ ಗಾಂಪರ್ಟ್ಸ್ 1825ರಲ್ಲೇ ಒಂದು ನಿಯಮ ಕಂಡುಹಿಡಿದ: ಪ್ರಾಯಕ್ಕೆ ಬಂದ ಮೇಲೆ ಸಾವಿನ ಅಪಾಯ ಒಂದೇ ದರದಲ್ಲಿ ಏರುತ್ತ ಹೋಗುತ್ತದೆ, ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿ. ಅಪಾಯ ಏರುವುದು ನಿಜ. ಆದರೆ 75ಕ್ಕೆ ಗೋಡೆಯೇನೂ ಇಲ್ಲ. ಮಗನಿಗೆ ಇದನ್ನು ಓದಿಸಿ, ಗುಂಡಿ ತೋಡುವ ಕೆಲಸ ಮಾತ್ರ ಅವನಿಗೇ ಬಿಡಿ.

ಪ್ರಶ್ನೆ: ನಾನು ಪಂಚಾಯತು ಸದಸ್ಯೆ. 2036ಕ್ಕೆ ಕೇರಳದಲ್ಲಿ ನೂರಕ್ಕೆ 23 ಜನ ಅರುವತ್ತು ದಾಟಿದವರು ಎಂದು ತರಬೇತಿಯಲ್ಲಿ ಹೇಳಿದರು. ಹತ್ತು ವರ್ಷ ಮುಂದಿನದ್ದು ಇವರಿಗೆ ಹೇಗೆ ಗೊತ್ತು? ನಮ್ಮ ವಾರ್ಡಿಗೂ ಇದೇ ಲೆಕ್ಕವೇ? (ಪೈವಳಿಕೆ)

ಉತ್ತರ: ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ತಂಡ 2020ರಲ್ಲಿ ಕೊಟ್ಟ ಅಂಕಿ 22.8. 2011ರ ಜನಗಣತಿಯಲ್ಲಿ ಅದು 12.6 ಇತ್ತು, ಆಗಲೇ ದೇಶದಲ್ಲೇ ಮುಂದೆ. ಇದರಲ್ಲಿ ಜ್ಯೋತಿಷ್ಯ ಏನಿಲ್ಲ. 2036ಕ್ಕೆ ಅರುವತ್ತು ತುಂಬುವವರೆಲ್ಲ 1976ರೊಳಗೇ ಹುಟ್ಟಿದ್ದಾರೆ. ಅವರನ್ನು ಎಣಿಸಿ, ವರ್ಷ ವರ್ಷ ಎಷ್ಟು ಮಂದಿ ತೀರಿಕೊಳ್ಳುತ್ತಾರೆ ಎಂದು ಕಳೆಯುತ್ತ ಹೋದರಾಯಿತು. ಊಹೆ ಮಾಡಬೇಕಾದ್ದು ಇನ್ನು ಹುಟ್ಟಬೇಕಾದ ಮಕ್ಕಳನ್ನು, ಮತ್ತು ಹೋಗುವವರನ್ನು, ಬರುವವರನ್ನು.

ಈ ಹೋಗುವುದು ಬರುವುದೇ ನಮ್ಮ ಜಿಲ್ಲೆಯ ತೊಡಕು. ಗಲ್ಫಿಗೆ ಹೋದವರು ಅರುವತ್ತಕ್ಕೆ ಮರಳುತ್ತಾರೆ, ಓದಿದ ಮಕ್ಕಳು ಮಂಗಳೂರು, ಬೆಂಗಳೂರು ಸೇರಿ ಮರಳುವುದಿಲ್ಲ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಲ್ಲಿ ಶುರುಮಾಡಿದ ವಲಸೆ ಸಮೀಕ್ಷೆ ಇಂಥ ಓಡಾಟವನ್ನು ರಾಜ್ಯದ ಮಟ್ಟದಲ್ಲಿ ಹಿಡಿಯುತ್ತದೆ, ವಾರ್ಡಿನ ಮಟ್ಟದಲ್ಲಿ ಅಲ್ಲ. ರಾಜ್ಯದ ಸರಾಸರಿಯೂ ನಮ್ಮದಲ್ಲ: ಪತ್ತನಂತಿಟ್ಟ ತೀರ ಮುಪ್ಪಾದ ಜಿಲ್ಲೆ, ಮಲಪ್ಪುರಂ ಎಲ್ಲಕ್ಕಿಂತ ಎಳೆಯದು, ಕಾಸರಗೋಡು ಎಳೆಯ ಜಿಲ್ಲೆಗಳ ಸಾಲಿನದು. ಮೇಲಾಗಿ 2021ರ ಜನಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ. ಈಗ ಎಲ್ಲರೂ ಹಿಡಿದಿರುವುದು 2011ರ ಬುಡ.

ಕಾಯಬೇಡಿ. ವಾರ್ಡಿನ ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ವಯಸ್ಸೂ ಇದೆ. ಅರುವತ್ತು, ಎಪ್ಪತ್ತು, ಎಂಬತ್ತು ದಾಟಿದವರನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಆಮೇಲೆ ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಮೂರೇ ಪ್ರಶ್ನೆ ಕೇಳಿ: ಯಾರು ಒಬ್ಬರೇ ಇದ್ದಾರೆ, ಯಾರು ಮನೆಯ ಮೆಟ್ಟಿಲು ಇಳಿಯಲಾರರು, ಯಾರ ಮನೆಗೆ ಜೀಪು ಹೋಗುವುದಿಲ್ಲ. ಕೇರಳ ಸರ್ಕಾರ 2008ರಲ್ಲಿ ಪಾಲಿಯೇಟಿವ್ (ಉಪಶಾಮಕ ಆರೈಕೆ) ನೀತಿ ತಂದ ಮೇಲೆ ಪಂಚಾಯತಿಗೊಬ್ಬರು ಮನೆಮನೆಗೆ ಹೋಗುವ ನರ್ಸ್ ಬಂದರು. ದೇಶದಲ್ಲಿ ಮೊದಲಿಗೆ ಇಂಥ ನೀತಿ ತಂದ ರಾಜ್ಯ ಇದು. ಎರಡನೆಯ ನರ್ಸ್ ಬೇಕು ಎಂದು ನೀವು ಕೇಳಲು ಹೊರಟರೆ ಶೇಕಡಾ 22.8 ಕೆಲಸಕ್ಕೆ ಬರುವುದಿಲ್ಲ, ಈ ಪಟ್ಟಿ ಬರುತ್ತದೆ.

ಪ್ರಶ್ನೆ: 2020ರಲ್ಲಿ ಕೋವಿಡ್ ಬಂದಾಗ ಗಣಿತದವರು ಲಕ್ಷಗಟ್ಟಲೆ ಸಾವು ಎಂದು ಹೆದರಿಸಿದರು, ಕರ್ನಾಟಕದ ಗಡಿ ಮುಚ್ಚಲು ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಬಿತ್ತು. ನನ್ನ ಅಪ್ಪನಿಗೆ ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಅವರು ಉಳಿಯಲಿಲ್ಲ. ಈ ಮಾದರಿಗಳಿಗೆ ಬೆಲೆ ಇದೆಯೇ? (ಮಂಜೇಶ್ವರ)

ಉತ್ತರ: ನಿಮ್ಮ ಸಿಟ್ಟು ನ್ಯಾಯದ್ದು. ಸಾಂಕ್ರಾಮಿಕದ ಗಣಿತಕ್ಕೆ ತಳಪಾಯ ಹಾಕಿದ್ದು 1927ರ ಒಂದು ಪ್ರಬಂಧ. ಬರೆದ ಇಬ್ಬರಲ್ಲಿ ಮೆಕೆಂಡ್ರಿಕ್ ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದವರು. ತಾಳೆ ನೋಡಿದ್ದು 1905-06ರ ಮುಂಬಯಿ ಪ್ಲೇಗಿನ ಸಾವುಗಳ ಜೊತೆ. ಅದರಲ್ಲಿ ಊರಿನ ಜನರಿಗೆ ಮೂರೇ ಖಾನೆ: ಇನ್ನೂ ತಗಲದವರು, ತಗಲಿದವರು, ಗುಣವಾದವರು ಅಥವಾ ಸತ್ತವರು. ರೋಗ ಎಷ್ಟು ವೇಗವಾಗಿ ಹಬ್ಬುತ್ತದೆ ಎಂದು ತಿಳಿಯಲು ಅಷ್ಟು ಸಾಕು, ಅದಕ್ಕೆ ಬೆಲೆಯೂ ಇದೆ.

ನಿಮ್ಮ ಅಪ್ಪ ಆ ಮೂರು ಖಾನೆಯಲ್ಲೂ ಇರಲಿಲ್ಲ. ಕೋವಿಡ್ ಇಲ್ಲದ, ಆದರೆ ಆಸ್ಪತ್ರೆ ಬಿಟ್ಟರೆ ಬದುಕಿಲ್ಲದ ಮುದುಕರಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಆ ವರ್ಷ ಮೇ 10ರ ಹೊತ್ತಿಗೆ ಜಿಲ್ಲೆಯ 178 ಸೋಂಕಿತರೂ ಗುಣವಾದರು, ಒಬ್ಬರೂ ಸಾಯಲಿಲ್ಲ ಎಂದು ನಾವು ಬೀಗಿದೆವು. ಗಡಿ ದಾಟಲಾಗದೆ ತೀರಿಕೊಂಡವರು ಆ ಪಟ್ಟಿಯಲ್ಲಿ ಇಲ್ಲ. ಹಾಗಂತ ಮಣ್ಣು ಸುರಿದದ್ದು ಸಮೀಕರಣವಲ್ಲ, ಆಡಳಿತ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ರೋಗಿಗಳಿಗೆ ದಾರಿ ಬಿಡಿಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಡಿ ಜಿಲ್ಲೆಯ ಮುದುಕರ ಆಸ್ಪತ್ರೆ ಇನ್ನೊಂದು ರಾಜ್ಯದಲ್ಲಿದೆ ಎಂಬುದು ಬಸ್ ಕಂಡಕ್ಟರಿಗೂ ಗೊತ್ತಿತ್ತು. ಅದೇ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಅಲ್ಲಿ 50 ಎಂಬಿಬಿಎಸ್ ಸೀಟು ಸಿಗಲು 2025 ಬರಬೇಕಾಯಿತು.

ಪ್ರಶ್ನೆ: ನಲವತ್ತು ವರ್ಷ ಬೀಡಿ ಕಟ್ಟಿದ ಅತ್ತೆಯ ಬೆರಳಿನ ಗೆರೆ ಮಾಸಿದೆ. ಪಿಂಚಣಿಯ ಮಸ್ಟರಿಂಗ್ (ಬದುಕಿದ್ದಾರೆಂದು ದೃಢಪಡಿಸುವುದು) ಅಕ್ಷಯ ಕೇಂದ್ರದಲ್ಲಿ ಆಗುತ್ತಿಲ್ಲ. (ಕುಂಬಳೆ)

ಉತ್ತರ: ಕಣ್ಣಿನ ಪಾಪೆ ನೋಡುವ ಯಂತ್ರ ಇದೆಯೇ ಕೇಳಿ. ಅದರಲ್ಲೂ ಆಗದಿದ್ದರೆ ಪಂಚಾಯತು ಕಚೇರಿಯಲ್ಲಿ ಜೀವಂತ ಪ್ರಮಾಣಪತ್ರ ಕೊಟ್ಟರೆ ನಡೆಯುತ್ತದೆ. ಹಾಸಿಗೆ ಹಿಡಿದವರಾದರೆ ಅಕ್ಷಯದವರೇ ಮನೆಗೆ ಬರಬೇಕು. 2025ರ ನವೆಂಬರಿನಿಂದ ರಾಜ್ಯದ ಈ ಪಿಂಚಣಿ ತಿಂಗಳಿಗೆ 1600ರಿಂದ 2000 ರೂಪಾಯಿ ಆಗಿದೆ. ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 79 ವರ್ಷದವರೆಗೆ ಬರೇ 200 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿನವರಿಗೆ ಮಾತ್ರ.

ಪ್ರಶ್ನೆ: ಗೇರು ತೋಟದ ಪಕ್ಕದ ಮನೆ ನಮ್ಮದು. ಮಗನಿಗೆ 34, ಮಾತಿಲ್ಲ, ಬುದ್ಧಿ ಬೆಳೆದಿಲ್ಲ, ಊಟ ನಾನೇ ಮಾಡಿಸಬೇಕು. ನನಗೆ 67. ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ. ನನ್ನ ನಂತರ ಯಾರು ಸ್ವಾಮೀ? (ಮುಳಿಯಾರು)

ಉತ್ತರ: ಅಮ್ಮಾ, ಈ ಜಿಲ್ಲೆಯಲ್ಲಿ ಮುಪ್ಪಿನ ನೀತಿ ಮಾಡುವವರು ಮೊದಲು ಓದಬೇಕಾದ್ದು ನಿಮ್ಮ ಪತ್ರ. ಮುದುಕರನ್ನು ನೋಡಿಕೊಳ್ಳುವ ಮಕ್ಕಳು ಎಷ್ಟು ಎಂದು ಅಂಕಿ ತೆಗೆಯುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ಮುದುಕರನ್ನು ಯಾರೂ ಎಣಿಸಿಲ್ಲ. ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ 5 ಲಕ್ಷ ಪರಿಹಾರ ಕೈಸೇರಿದೆ ಎಂದುಕೊಳ್ಳುತ್ತೇನೆ, ಇಲ್ಲದಿದ್ದರೆ ಕಲೆಕ್ಟರ ಕಚೇರಿಗೆ ಬರೆದು ಕೇಳಿ.

ದುಡ್ಡಿಗಿಂತ ಮೊದಲು ಒಂದು ಕಾಗದ ಆಗಬೇಕು. 18 ದಾಟಿದ ಮಗನಿಗೆ ಕಾನೂನಿನ ಕಣ್ಣಲ್ಲಿ ತಾಯಿ ತಾನಾಗಿಯೇ ಪೋಷಕಿಯಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಕಲೆಕ್ಟರ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುಅಂಗವೈಕಲ್ಯ ಈ ನಾಲ್ಕಕ್ಕೆ ಇದು ಅನ್ವಯ. ಮಗಳೋ, ತಮ್ಮನ ಮಗನೋ, ನಂಬಿಕೆಯ ಯಾರಾದರೂ ಇದ್ದರೆ ಅವರ ಹೆಸರನ್ನು ಮುಂದಿನ ಪೋಷಕರಾಗಿ ಸೂಚಿಸುವ ದಾರಿಯನ್ನು ಈಗಲೇ ಸಮಿತಿಯಲ್ಲಿ ವಿಚಾರಿಸಿ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ಮಗನ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ನೋಡಿಕೊಳ್ಳುವವರಿಗೆ ರಾಜ್ಯದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ, ಕಂತು ತಡವಾಗಿ ಬರುತ್ತದೆ, ಆದರೂ ಬಿಡಬೇಡಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಇಲ್ಲಿಯ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು.

ಇನ್ನೊಂದು ಮಾತು, ಎಲ್ಲ ಓದುಗರಿಗೆ: ಲ್ಯಾಬಿನ ವರದಿ ಕಳಿಸುವವರು ರೋಗಿಯ ವಯಸ್ಸು, ಎತ್ತರ, ತೂಕ, ತಿನ್ನುವ ಎಲ್ಲ ಮಾತ್ರೆಗಳ ಹೆಸರು ಬರೆದು ಕಳಿಸಿ. ಅವಿಲ್ಲದ ವರದಿಗೆ ನಾನು ಉತ್ತರ ಕೊಡುವುದಿಲ್ಲ.