ದೇಹದಿಂದ ಗೂಡಿನತ್ತ: ಗೋಸುಂಬೆಯನ್ನು ಆಧರಿಸಿದ ಒಂದು ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ‘ಜೀವಿಗಳ ಹೊಂದಾಣಿಕೆ’ ಕುರಿತು ಪೂರಕ ಪಾಠವೊಂದನ್ನು ಮಾಡಿದೆ. ಒಂಟೆಯ ಡುಬ್ಬ, ಬಾತುಕೋಳಿಯ ಜಾಲಪಾದ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅದೇ ಪ್ರಾಣಿಯ ಪರಿಸರ ಬದಲಾದರೆ ಏನಾಗುತ್ತದೆ ಎಂದರೆ ಸುಮ್ಮನಾಗುತ್ತಾರೆ. ಆದ್ದರಿಂದ ಪಾಠದ ಮುಖ್ಯ ಪ್ರಶ್ನೆಯನ್ನು ಹೀಗೆ ಇಟ್ಟೆ: ಗೋಸುಂಬೆಯೊಂದು ಗೂಡಿನಲ್ಲಿ ಆರೋಗ್ಯವಾಗಿರಬೇಕಾದರೆ ಅಲ್ಲಿ ಏನೇನಿರಬೇಕು?

ಉದಾಹರಣೆಗೆ ಆರಿಸಿದ್ದು ಯೆಮೆನ್ ಮತ್ತು ನೈಋತ್ಯ ಸೌದಿ ಅರೇಬಿಯಾ ಮೂಲದ ವೇಲ್ಡ್ ಕೆಮೀಲಿಯನ್. ಅಮೆರಿಕ, ಯುರೋಪುಗಳಲ್ಲಿ ಇದನ್ನು ಮನೆಗಳಲ್ಲಿ ಸಾಕುತ್ತಾರೆ. ನಾಲ್ಕು ಗುಂಪುಗಳಿಗೆ ಒಂದೊಂದು ಮಿಂಚುಪಟ್ಟಿ ಕೊಟ್ಟೆ. ಅದರಲ್ಲಿದ್ದದ್ದು ದೇಹದ ಸಂಗತಿ ಮಾತ್ರ. ಗೂಡಿನಲ್ಲಿ ಏನಿರಬೇಕೆಂದು ಅವರೇ ತರ್ಕಿಸಬೇಕಿತ್ತು. ಚರ್ಚೆಯ ನಂತರ ಕಪ್ಪುಹಲಗೆಯ ಮೇಲೆ ಮೂಡಿದ್ದು ಇಷ್ಟು:

1. ಕಾಲು: ಬೆರಳುಗಳು ಎರಡು ಗುಂಪಾಗಿ ಕೂಡಿ ಇಕ್ಕಳದಂತೆ ಕೊಂಬೆ ಹಿಡಿಯುತ್ತವೆ. ಆದ್ದರಿಂದ ಎತ್ತರದ ಗೂಡು ಬೇಕು. ಬೆಳೆದ ಪ್ರಾಣಿಗೆ ಸುಮಾರು 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 120 ಸೆಂ.ಮೀ. ಎತ್ತರ, ಬೇರೆ ಬೇರೆ ದಪ್ಪದ ಕೊಂಬೆಗಳು, ಮರೆಯಾಗಲು ಎಲೆಗಳು.

2. ನೀರು: ಸಾಮಾನ್ಯವಾಗಿ ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಹನಿ ನೆಕ್ಕುತ್ತದೆ. ಆದ್ದರಿಂದ ಎಲೆಗಳಿಗೆ ನೀರು ಸಿಂಪಡಿಸಬೇಕು, ಗೂಡು ಮತ್ತೆ ಒಣಗಬೇಕು, ಅದಕ್ಕೆ ಜಾಲರಿ. ಸದಾ ತೇವವಿದ್ದರೆ ಉಸಿರಾಟದ ಸೋಂಕು ತಗಲಬಹುದು. ಕಣ್ಣು ಗುಳಿಬಿದ್ದರೆ ನೀರಿನ ಕೊರತೆಯ ಸೂಚನೆ.

3. ಶಾಖ: ದೇಹ ತಾನೇ ಸಾಕಷ್ಟು ಶಾಖ ಉತ್ಪಾದಿಸದು. ಗೂಡಿನ ಮೇಲ್ಭಾಗದ ಒಂದು ಕಡೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ, ಕೆಳಗೆ ತಂಪು ಇರಬೇಕು. ಪ್ರಾಣಿಯೇ ಜಾಗ ಆರಿಸಿಕೊಳ್ಳುತ್ತದೆ. ಸುಡದಂತೆ ಬಲ್ಬ್ ಗೂಡಿನ ಹೊರಗಿರಬೇಕು.

4. ಮೂಳೆ: ನೇರಳಾತೀತ ಬಿ ಕಿರಣದಿಂದ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ, ಅದರಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇವು ಸಾಲದಿದ್ದರೆ ಮೂಳೆ ಮೆದುವಾಗಿ ಕಾಲು ಬಾಗುತ್ತದೆ. ಆದ್ದರಿಂದ ವಿಶೇಷ ದೀಪ, ಕ್ಯಾಲ್ಸಿಯಂ ಪುಡಿ ಸವರಿದ ಕೀಟಗಳು ಬೇಕು.

ನಾಲ್ಕನೇ ಗುಂಪು ಮೊದಲು ‘ಗಾಜಿನ ಕಿಟಕಿಯ ಬಳಿ ಇಟ್ಟರೆ ಸಾಕು’ ಎಂದು ಬರೆದಿತ್ತು. ಉತ್ತರ ಹೇಳದೆ, ‘ಗಾಜು ಬೆಳಕನ್ನು ಬಿಡುತ್ತದೆ; ಎಲ್ಲ ಕಿರಣಗಳನ್ನೂ ಬಿಡುತ್ತದೆಯೇ?’ ಎಂದು ಕೇಳಿದೆ. ಕಿಟಕಿಯ ಗಾಜು ನೇರಳಾತೀತ ಬಿ ಕಿರಣವನ್ನು ಬಹುಪಾಲು ತಡೆಯುತ್ತದೆ ಎಂಬಲ್ಲಿಗೆ ಚರ್ಚೆ ತಲುಪಿತು. ಜೀವಶಾಸ್ತ್ರದ ಪಾಠ ಸಹಜವಾಗಿ ಭೌತಶಾಸ್ತ್ರಕ್ಕೆ ಹೊರಳಿತು.

ಆಗ ಒಬ್ಬ ಹುಡುಗ, ‘ನಮ್ಮ ಹೊಲದ ಬೇಲಿಯಲ್ಲಿ ಗೋಸುಂಬೆ ಇದೆ, ಹಿಡಿದು ಹೀಗೇ ಸಾಕಲೇ ಸರ್?’ ಎಂದ. ಇನ್ನೊಬ್ಬಳು, ‘ಬೇಡ, ಅದು ವಿಷ, ಕಂಡರೆ ಕಲ್ಲು ಹೊಡೀತಾರೆ’ ಎಂದಳು. ಎರಡಕ್ಕೂ ಉತ್ತರ ಕೊಡಲೇಬೇಕಿತ್ತು. ಗೋಸುಂಬೆಗೆ ವಿಷವಿಲ್ಲ. ಭಾರತದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದೂ ಕೊಲ್ಲುವುದೂ ಅಪರಾಧ. ಬಳಿಕ ಹಲಗೆಯ ಪಟ್ಟಿಯನ್ನು ಬೇಲಿಗೆ ಹೋಲಿಸಲು ಹೇಳಿದೆ. ಕೊಂಬೆ, ಇಬ್ಬನಿ, ಬಿಸಿಲು–ನೆರಳು, ಹುಳು: ಒಂದೊಂದಕ್ಕೂ ಮಕ್ಕಳೇ ಗುರುತು ಹಾಕಿದರು. ‘ಬೇಲಿ ಕಡಿದರೆ ಇವೆಲ್ಲ ಹೋಗುತ್ತಲ್ಲ’ ಎಂದು ಮೊದಲು ಹೇಳಿದವನು ಸಾಕಲೇ ಎಂದು ಕೇಳಿದ್ದ ಹುಡುಗನೇ.

ಈ ಪಾಠ ಮಾಡಬಯಸುವ ಸಹಪಾಠಿಗಳಿಗೆ ಎರಡು ಸೂಚನೆಗಳು. ಗೂಡಿನ ಪಟ್ಟಿಯನ್ನು ಮೊದಲೇ ಕೊಡಬೇಡಿ. ದೇಹದ ಸಂಗತಿ ಕೊಟ್ಟರೆ ಪಟ್ಟಿ ಮಕ್ಕಳಿಂದಲೇ ಬರುತ್ತದೆ. ಬೇಲಿಯ ಹೋಲಿಕೆಗೆ ಎರಡನೇ ಅವಧಿಯನ್ನು ಪೂರ್ತಿ ಮೀಸಲಿಡಿ. ಅದನ್ನು ಬಿಟ್ಟರೆ ಮಕ್ಕಳು ಗೋಸುಂಬೆ ಹಿಡಿಯುವ ಆಸೆಯನ್ನಷ್ಟೇ ಮನೆಗೆ ಒಯ್ಯುತ್ತಾರೆ.